ಎಷ್ಟು ವಾರದಿಂದ ಸೋರ್ತಿದೆ?

ಮೈಸೂರಿನ ಸರಸ್ವತಿಪುರಂ. ಅಕ್ಕಪಕ್ಕದ ಮನೆಯ ಇಬ್ಬರು. ಒಬ್ಬರು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ಬೀದಿಯವರಿಗೆಲ್ಲ ‘ಮೇಡಂ’. ಇನ್ನೊಬ್ಬರು ಕಿವಿ, ಮೂಗು, ಗಂಟಲಿನ ವೈದ್ಯರಾಗಿದ್ದು ನಿವೃತ್ತರಾದವರು.

ಮೇಡಂ: ಡಾಕ್ಟ್ರೇ, ಐದು ನಿಮಿಷ ಇದೆಯಾ? ಒಂದು ಕಿವಿ ವಿಚಾರ. ನನ್ನದಲ್ಲ, ನಮ್ಮ ಶಾಲೆ ಹುಡುಗಿಯದು.

ಡಾಕ್ಟರು: ಐದು ನಿಮಿಷ ಅಂತ ಬಂದ ಯಾರೂ ಈ ಕುರ್ಚಿಯಿಂದ ಐದು ನಿಮಿಷಕ್ಕೆ ಎದ್ದಿಲ್ಲ. ಕೂತ್ಕೊಳ್ಳಿ. ಏನಂತೆ?

ಮೇಡಂ: ಎರಡನೇ ಕ್ಲಾಸಿನ ಮಗು. ನಲಿ-ಕಲಿ ತರಗತಿ ಅಲ್ವಾ, ಮಕ್ಕಳು ಗುಂಪಾಗಿ ಸುತ್ತ ಕೂತಿರ್ತಾರೆ. ಇವಳು ದಿನಾ ಬಲಗಿವಿ ನನ್ನ ಕಡೆ ಬರೋ ಹಾಗೆ ಜಾಗ ಹುಡುಕಿಕೊಂಡು ಕೂರ್ತಾಳೆ. ಎಡಗಿವಿಗೆ ಹತ್ತಿ ತುರುಕಿರ್ತಾರೆ, ಮಧ್ಯಾಹ್ನದ ಊಟದ ಹೊತ್ತಿಗೆ ಹತ್ತಿ ಒದ್ದೆ. ಪಕ್ಕದ ಮಕ್ಕಳು ವಾಸನೆ ಅಂತ ಸರಿದು ಕೂರೋಕೆ ಶುರು ಮಾಡಿದ್ದಾರೆ.

ಡಾಕ್ಟರು: ನೋವು ಅಂತಾಳಾ?

ಮೇಡಂ: ಇಲ್ಲ, ಒಂದು ದಿನವೂ ಇಲ್ಲ. ಆಡ್ತಾಳೆ, ಓಡ್ತಾಳೆ. ಅದಕ್ಕೇ ಮನೆಯವರೂ ತಲೆ ಕೆಡಿಸಿಕೊಂಡಿಲ್ಲ.

ಡಾಕ್ಟರು: ಎಷ್ಟು ವಾರದಿಂದ ಸೋರ್ತಿದೆ?

ಮೇಡಂ: ದಸರಾ ರಜೆ ಮುಗಿಸಿ ಬಂದಾಗಲೇ ಇತ್ತು. ಈಗ ಸಂಕ್ರಾಂತಿ ಕಳೀತು.

ಡಾಕ್ಟರು: ಹನಿ ಹಾಕ್ತಿದ್ದಾರಾ?

ಮೇಡಂ: ಅವರಮ್ಮ ಮೂರು ಖಾಲಿ ಬಾಟಲಿ ತಂದು ತೋರಿಸಿದರು. ಒಂದು ಡಾಕ್ಟರು ಬರೆದದ್ದಂತೆ, ಉಳಿದ ಎರಡು ಅದೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರ್‌ನಿಂದ ತಂದದ್ದು. ಹಾಕಿದಾಗ ಕಡಿಮೆ ಆಗುತ್ತೆ, ಬಿಟ್ಟರೆ ಮತ್ತೆ ಶುರು. ಮಧ್ಯೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೇನೂ ಬಿಟ್ಟಿದ್ದಾರೆ.

ಡಾಕ್ಟರು: ಎಣ್ಣೆ ಬಿಡದೇ ಇರೋ ಅಜ್ಜಿ ಈ ಜಿಲ್ಲೆಯಲ್ಲಿ ನನಗಂತೂ ಸಿಕ್ಕಿಲ್ಲ. ಇರಲಿ. ನಾನು ಆ ಮಗೂನ ನೋಡಿಲ್ಲ, ಕೂತಲ್ಲೇ ಕಾಯಿಲೆ ಹೆಸರು ಹೇಳೋದು ಜ್ಯೋತಿಷ್ಯ ಆಗುತ್ತೆ. ಹಳೇ ಕಿವಿಸೋರು ಅಂತ ಬರೋ ನೂರು ಮಕ್ಕಳಲ್ಲಿ ತೊಂಬತ್ತೊಂಬತ್ತಕ್ಕೆ ಅದು ಟಿಬಿ ಅಲ್ಲ. ಆ ಪದಾನ ಅವರಮ್ಮನ ಮುಂದೆ ಎತ್ತಬೇಡಿ.

ಮೇಡಂ: ಟಿಬಿ ಅಂತ ನಾನು ಎಲ್ಲಿ ಅಂದೆ? ನೀವೇ ಅಂದಿದ್ದು.

ಡಾಕ್ಟರು: ಹೌದು, ನಾನೇ ಅಂದೆ. ಹನ್ನೆರಡು ವಾರ ದಾಟಿದೆ, ನೋವಿಲ್ಲ, ಹನಿಗೆ ಬಗ್ಗಿಲ್ಲ, ಆ ಕಡೆ ಕೇಳ್ತಿಲ್ಲ. ಈ ನಾಲ್ಕು ಒಟ್ಟಿಗೆ ಕಿವಿಗೆ ಬಿದ್ದರೆ ಹಳೇ ಕಾಲದ ಇಎನ್‌ಟಿಯವನಿಗೆ ಆ ಪದ ತಾನಾಗೇ ನಾಲಿಗೆಗೆ ಬರುತ್ತೆ. ಹೊಸ ಕಾಲದವರಿಗೆ ಬರೋದು ಕಷ್ಟ, ಯಾಕಂದ್ರೆ ಅವರು ಅದನ್ನ ಕಂಡಿರೋದೇ ಅಪರೂಪ.

ಮೇಡಂ: ಕೆಮ್ಮೋ ಕಾಯಿಲೆ ಕಿವಿಗೆ ಹೇಗೆ ಬರುತ್ತೆ? ನಮ್ಮ ಪಾಠದಲ್ಲಿ ಶ್ವಾಸಕೋಶ ಅಂತ ಮಾತ್ರ ಇದೆ.

ಡಾಕ್ಟರು: ಶ್ವಾಸಕೋಶ ಅದರ ಮುಖ್ಯ ಮನೆ, ಒಂದೇ ಮನೆ ಅಲ್ಲ. ಕುತ್ತಿಗೆ ಗಂಟು, ಬೆನ್ನುಮೂಳೆ, ಮಿದುಳಿನ ಪೊರೆ, ಎಲ್ಲಾ ಕಡೆ ಹೋಗುತ್ತೆ. ಮೂಗಿನ ಹಿಂದಿನಿಂದ ನಡುಗಿವಿಗೆ ಯೂಸ್ಟೇಷಿಯನ್ ನಾಳ ಅಂತ ಒಂದು ದಾರಿ ಇದೆಯಲ್ಲ, ದೊಡ್ಡವರಲ್ಲಿ ಅದು ಉದ್ದ, ಇಳಿಜಾರು. ಮಕ್ಕಳಲ್ಲಿ ಗಿಡ್ಡ, ಅಗಲ, ಹೆಚ್ಚು ಕಡಿಮೆ ಮಟ್ಟಸ. ಗಂಟಲಿಗೆ ಬಂದದ್ದು ಕಿವಿಗೆ ಸಲೀಸಾಗಿ ನುಗ್ಗುತ್ತೆ. ಇಲ್ಲಾ ಮೈಯಲ್ಲಿ ಬೇರೆಲ್ಲೋ ಇರೋದು ರಕ್ತದ ಮೂಲಕ ಬಂದು ಸೇರುತ್ತೆ. ತಾಯಿಗೆ ಬಸಿರಲ್ಲಿ ಕ್ಷಯ ಇದ್ದು, ಹುಟ್ಟೋವಾಗಲೇ ಮಗುವಿನ ಕಿವಿಗೆ ಹತ್ತಿದ್ದೂ ಇದೆ, ತೀರಾ ಅಪರೂಪ.

ಇದೇನು ಹೊಸ ವಿಷಯ ಅಲ್ಲ. ರಾಬರ್ಟ್ ಕಾಕ್ ಬರ್ಲಿನ್‌ನಲ್ಲಿ ಕ್ಷಯದ ಬ್ಯಾಕ್ಟೀರಿಯಾ ತೋರಿಸಿದ್ದು 1882ರ ಮಾರ್ಚ್ 24ಕ್ಕೆ. ಮರುವರ್ಷವೇ ಕಿವಿಯ ಕೀವಿನಲ್ಲೂ ಅದು ಸಿಕ್ಕಿತು. 1915ರಲ್ಲಿ ಎಡಿನ್‌ಬರೋದ ಲೋಗನ್ ಟರ್ನರ್, ಫ್ರೇಸರ್ ಅನ್ನೋ ಇಬ್ಬರು ಮಕ್ಕಳ ಕಿವಿಯ ಕ್ಷಯದ ಮೇಲೇ ಒಂದು ಅಧ್ಯಯನ ಬರೆದರು. ಆ ಕಾಲದಲ್ಲಿ ಅಲ್ಲಿ ಹಸುವಿನ ಹಾಲನ್ನ ಹಸಿಯಾಗೇ ಕುಡಿಸೋರು, ಹಸುವಿನ ಕ್ಷಯ ಕೂಸುಗಳಿಗೆ ದಾಟೋದು. ನಮ್ಮಲ್ಲಿ ಹಾಲು ಉಕ್ಕಿಸದೆ ಯಾರೂ ಮಗುವಿಗೆ ಕೊಡಲ್ಲ. ಹಾಗಾಗಿ ನಮ್ಮ ಮಕ್ಕಳಿಗೆ ಇದು ಬಂದರೆ ಬಹುಪಾಲು ಕೆಮ್ಮೋ ಮನುಷ್ಯರಿಂದ, ಹಸುವಿನಿಂದ ಅಲ್ಲ.

ಮೇಡಂ: ಆದರೆ ಇವಳ ತೋಳಲ್ಲಿ ಬಿಸಿಜಿ ಗುರುತು ಇದೆ. ನಾನೇ ನೋಡಿದ್ದೀನಿ.

ಡಾಕ್ಟರು: ಇರಲಿ, ಒಳ್ಳೇದೇ. ಚಿಕ್ಕ ಮಕ್ಕಳಿಗೆ ಮಿದುಳಿಗೆ ಹತ್ತೋ ಟಿಬಿ, ಮೈಯೆಲ್ಲ ಹರಡೋ ಟಿಬಿ, ಇವೆರಡನ್ನ ಬಿಸಿಜಿ ಚೆನ್ನಾಗಿ ತಡೆಯುತ್ತೆ. ಅದಕ್ಕೇ ಹುಟ್ಟಿದ ತಕ್ಷಣ ಹಾಕೋದು. ಎಲ್ಲಾ ಟಿಬಿಗೂ ಅದು ಅಡ್ಡ ನಿಲ್ಲಲ್ಲ. ತಮಿಳುನಾಡಿನ ಚೆಂಗಲ್‌ಪಟ್ಟಿನಲ್ಲಿ 1968ರಲ್ಲಿ ಶುರುವಾದ ದೊಡ್ಡ ಪ್ರಯೋಗದಲ್ಲಿ ದೊಡ್ಡವರ ಶ್ವಾಸಕೋಶದ ಟಿಬಿಯನ್ನ ಅದು ತಡೆಯಲಿಲ್ಲ ಅಂತ ಗೊತ್ತಾಯ್ತು. ‘ಲಸಿಕೆ ಆಗಿದೆ, ಹಾಗಾಗಿ ಟಿಬಿ ಅಲ್ಲ’ ಅನ್ನೋ ವಾದವನ್ನ ಡಾಕ್ಟರುಗಳ ಬಾಯಲ್ಲೇ ಕೇಳಿದ್ದೀನಿ. ನೀವು ಕೇಳಿದ್ದರಲ್ಲಿ ತಪ್ಪಿಲ್ಲ.

ಮೇಡಂ: ಸರಿ, ಕಿವಿ ಒಳಗೆ ನೋಡಿದರೆ ಗೊತ್ತಾಗಲ್ವಾ?

ಡಾಕ್ಟರು: ಪುಸ್ತಕದಲ್ಲಿ ಗೊತ್ತಾಗುತ್ತೆ. ನೋವಿಲ್ಲದ ಸೋರಿಕೆ, ಕಿವಿತಮಟೆಯಲ್ಲಿ ಒಂದಕ್ಕಿಂತ ಹೆಚ್ಚು ತೂತು, ಮುಖದ ಒಂದು ಪಕ್ಕ ಸೋಲೋದು. ಈ ಮೂರನ್ನ ನಾವು ವಿದ್ಯಾರ್ಥಿಗಳಾಗಿದ್ದಾಗ ಮಂತ್ರದ ಹಾಗೆ ಉರು ಹೊಡೆದಿದ್ದೆವು. ಪರೀಕ್ಷೆಗೆ ಉಪಯೋಗಕ್ಕೆ ಬಂತು, ಓಪಿಡಿಗೆ ಅಷ್ಟಾಗಿ ಬರಲಿಲ್ಲ. ಯಾಕೆ ಹೇಳಿ? ಶುರುವಿನಲ್ಲಿ ತಮಟೆ ಜರಡಿ ಹಾಗೆ ಸಣ್ಣ ಸಣ್ಣದಾಗಿ ತೂತಾಗುತ್ತೆ, ನಿಜ. ಆದರೆ ಕೆಲವೇ ವಾರದಲ್ಲಿ ತೂತುಗಳು ಕೂಡಿಕೊಂಡು ಒಂದೇ ದೊಡ್ಡ ತೂತು. ಮಗು ನಮ್ಮ ಹತ್ತಿರ ಬರೋದು ಮೂರನೇ ತಿಂಗಳಿಗೆ. ಆಗ ಕಾಣೋದು ಮಾಮೂಲಿ ಕಿವಿಸೋರಿನ ತೂತೇ. ಕೀವು ಕೂಡ ಮೊದಲು ತೆಳ್ಳಗೆ, ವಾಸನೆ ಇಲ್ಲದೆ ಇರುತ್ತೆ. ಆಮೇಲೆ ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡು ವಾಸನೆ ಬರಿಸುತ್ತೆ, ಆಗ ಅದೂ ಮಾಮೂಲಿನ ವೇಷ ಹಾಕಿಬಿಡುತ್ತೆ.

ಮೇಡಂ: ಮುಖ ಸೋಲೋದು?

ಡಾಕ್ಟರು: ಮುಖದ ಸ್ನಾಯುಗಳನ್ನ ಆಡಿಸೋ ನರ ನಡುಗಿವಿಯ ಮೂಲಕವೇ ಹಾದು ಹೋಗುತ್ತೆ, ತೀರಾ ತೆಳುವಾದ ಮೂಳೆಯ ಕೊಳವೆಯೊಳಗೆ. ಟಿಬಿ ಮೂಳೆ ತಿನ್ನೋ ಕಾಯಿಲೆ. ಆ ಕೊಳವೆ ಸವೆದರೆ ನಗೋವಾಗ ಬಾಯಿ ಒಂದು ಕಡೆ ಎಳೆಯುತ್ತೆ, ಆ ಪಕ್ಕದ ಕಣ್ಣು ಪೂರ್ತಿ ಮುಚ್ಚಲ್ಲ. ಮಗುವಿನ ಕಿವಿ ಸೋರ್ತಾ ಮುಖ ಓರೆ ಆಯ್ತು ಅಂದರೆ ನಾಳೆ ಅಂತ ಕಾಯಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಟಿಬಿ ಇರಲಿ ಬಿಡಲಿ. ಕಿವಿ ಹಿಂದೆ ಊತ, ತಲೆಸುತ್ತು, ಜ್ವರದ ಜತೆ ವಾಂತಿ, ಜೋರು ತಲೆನೋವು, ಇವಕ್ಕೂ ಅದೇ ಮಾತು. ಇವಳ ಮುಖ ಹೇಗಿದೆ?

ಮೇಡಂ: ಮುಖ ಸರಿ ಇದೆ. ನಕ್ಕರೆ ಎರಡೂ ಕಡೆ ಗುಳಿ ಬೀಳುತ್ತೆ.

ಡಾಕ್ಟರು: ಸದ್ಯ. ಕಿವಿ ಮುಂದೆ, ಕತ್ತಿನಲ್ಲಿ ಗಂಟು?

ಮೇಡಂ: ಕತ್ತು ಮುಟ್ಟಿ ನೋಡಿಲ್ಲ. ಟೀಚರು ಕತ್ತು ಮುಟ್ಟಿದರೆ ಮರುದಿನ ಎಸ್‌ಡಿಎಂಸಿ ಅಧ್ಯಕ್ಷರು ಬಂದು ನಿಲ್ತಾರೆ.

ಡಾಕ್ಟರು: ಅದೂ ಸರಿ. ನಾನು ನಿಮಗೆ ಹೇಳಬೇಕಾದ್ದು ಒಂದಿದೆ, ಆ ಹನಿಗಳ ಕಥೆ. ಕಿವಿ ಸೋರ್ತಿದೆ ಅಂದರೆ ಸಾಕು, ಸಿಪ್ರೋಫ್ಲಾಕ್ಸಾಸಿನ್ ಹನಿ ಕೈಗೆ ಬರುತ್ತೆ. ಮಾಮೂಲಿ ಕಿವಿಸೋರಿಗೆ ಅದು ಸರಿಯಾದ ಔಷಧಿಯೇ, ನಾನೂ ಎಷ್ಟೋ ಬರೆದಿದ್ದೀನಿ. ಆದರೆ ಅದರ ಗುಂಪಿನ ಔಷಧಿಗಳಿಗೆ ಕ್ಷಯದ ಬ್ಯಾಕ್ಟೀರಿಯಾದ ಮೇಲೂ ಹಿಡಿತ ಇದೆ. ಅದರ ಒಡಹುಟ್ಟಿದ ಲಿವೊಫ್ಲಾಕ್ಸಾಸಿನ್ ಔಷಧಕ್ಕೆ ಬಗ್ಗದ ಟಿಬಿಗೇ ಕೊಡೋ ಮಾತ್ರೆ. ಹಾಗಾಗಿ ಹನಿ ಬಿದ್ದಾಗ ಒಳಗಿರೋದು ತಲೆ ತಗ್ಗಿಸಬಹುದು, ಸಾಯಲ್ಲ. ಕೀವಿನಲ್ಲಿ ಅದು ಸಿಗೋದೂ ಕಡಿಮೆ ಆಗಬಹುದು. ನಿಯೋಮೈಸಿನ್ ಇರೋ ಹನಿಯೂ ಅಷ್ಟೇ, ಲ್ಯಾಬಿನಲ್ಲಿ ಕಲ್ಚರ್ ಬೆಳೆಯೋಕೆ ಬಿಡಲ್ಲ. ಕೆಲವು ಹನಿಯಲ್ಲಿ ಸ್ಟೀರಾಯ್ಡ್ ಬೇರೆ ಇರುತ್ತೆ, ಒಳಗಿನ ದುರ್ಮಾಂಸ ತಾತ್ಕಾಲಿಕವಾಗಿ ಕುಗ್ಗಿ ಡಾಕ್ಟರಿಗೂ ವಾಸಿ ಆಗ್ತಿದೆ ಅನ್ನಿಸುತ್ತೆ.

ಮೇಡಂ: ಅಂದರೆ ಔಷಧಿಯೇ ಸಾಕ್ಷಿ ಅಳಿಸ್ತಿದೆ.

ಡಾಕ್ಟರು: ಪೊಲೀಸ್ ಭಾಷೆಯಲ್ಲಿ ಹೇಳೋದಾದರೆ ಹಾಗೇ. ಮೊದಲ ಬಾಟಲಿ ತಪ್ಪಲ್ಲ. ಹೊಸದಾಗಿ ಕಿವಿ ಸೋರೋ ಪ್ರತಿ ಮಗುವಿಗೂ ಕ್ಷಯ ಹುಡುಕ್ತಾ ಕೂತರೆ ಆಸ್ಪತ್ರೆ ನಡೆಯಲ್ಲ. ನನ್ನ ಜಗಳ ಮೂರನೇ ಬಾಟಲಿ ಜತೆ. ಎರಡನೇದಕ್ಕೂ ಬಗ್ಗದ ಕಿವಿಗೆ ಮೂರನೇ ಬಾಟಲಿ ಕೊಡೋ ಮುಂಚೆ ಯಾರಾದರೂ ನಿಂತು ‘ಯಾಕೆ?’ ಅಂತ ಕೇಳಬೇಕು. ಮೆಡಿಕಲ್ ಸ್ಟೋರಿನ ಹುಡುಗ ಕೇಳಲ್ಲ. ಅವನ ಕೆಲಸ ಅದಲ್ಲ.

ಮೇಡಂ: ಪರೀಕ್ಷೆ ಮಾಡಿಸಿಬಿಟ್ಟರೆ ಮುಗೀತಲ್ಲ? ಈಗ ಎರಡು ಗಂಟೆಯಲ್ಲಿ ಫಲಿತಾಂಶ ಕೊಡೋ ಮಿಷನ್ ಬಂದಿದೆ ಅಂತ ಆಶಾ ಕಾರ್ಯಕರ್ತೆ ಹೇಳ್ತಿದ್ದಳು.

ಡಾಕ್ಟರು: ಸಿಬಿನ್ಯಾಟ್, ಟ್ರೂನ್ಯಾಟ್. ಒಳ್ಳೇ ಯಂತ್ರಗಳು. ನಾನು ಓದುವಾಗ ಇದ್ದದ್ದು ಸೂಕ್ಷ್ಮದರ್ಶಕ ಒಂದೇ. ಅದಕ್ಕೆ ಒಂದು ಮಿಲಿಲೀಟರಿನಲ್ಲಿ ಸುಮಾರು 10,000 ಬ್ಯಾಕ್ಟೀರಿಯಾ ಇದ್ದರೆ ಮಾತ್ರ ಕಾಣುತ್ತೆ. ಸಿಬಿನ್ಯಾಟ್‌ಗೆ ನೂರು, ನೂರೈವತ್ತು ಇದ್ದರೂ ಸಾಕು. ಜತೆಗೆ ರಿಫಾಂಪಿಸಿನ್ ಔಷಧಿ ನಾಟುತ್ತೋ ಇಲ್ಲವೋ ಅದನ್ನೂ ಹೇಳಿಬಿಡುತ್ತೆ. ಆದರೆ ಮಕ್ಕಳ ಟಿಬಿಯಲ್ಲಿ ಬ್ಯಾಕ್ಟೀರಿಯಾ ಇರೋದೇ ಕಮ್ಮಿ, ಕಿವಿ ಕೀವಿನಲ್ಲಿ ಇನ್ನೂ ಕಮ್ಮಿ. ಯಂತ್ರ ‘ಇದೆ’ ಅಂದರೆ ನಂಬಬಹುದು. ‘ಇಲ್ಲ’ ಅಂದರೆ ನಾವು ಕೊಟ್ಟ ತೊಟ್ಟಿನಲ್ಲಿ ಸಿಗಲಿಲ್ಲ ಅಂತ ಅರ್ಥ, ಅಷ್ಟೇ. ಎಷ್ಟು ಫೈಲಿನಲ್ಲಿ ಈ ‘ಇಲ್ಲ’ ಅನ್ನೋ ಒಂದು ಚೀಟಿಗೇ ಹುಡುಕಾಟ ನಿಂತಿರುತ್ತೆ ಗೊತ್ತಾ?

ಮೇಡಂ: ಹಾಗಾದರೆ ಏನು ಕೊಡಬೇಕು?

ಡಾಕ್ಟರು: ಮಾಂಸದ ಚೂರು. ನಡುಗಿವಿಯಲ್ಲಿ ಬಿಳಚಿಕೊಂಡ ದುರ್ಮಾಂಸ ಬೆಳೆದಿರುತ್ತೆ, ಮಾಮೂಲಿ ಕಿವಿಸೋರಿನಲ್ಲಿ ಕೆಂಪಗಿರೋದು ಇಲ್ಲಿ ಪೇಲವ. ಮಗುವಿಗೆ ಅರಿವಳಿಕೆ ಕೊಟ್ಟು ಅದರ ಚೂರು ತೆಗೆದು ನೋಡಬೇಕು. ಮೇಲ್ಮೈಯದು ಬರೀ ಸತ್ತ ಮಾಂಸ, ಅದರಲ್ಲಿ ಏನೂ ಕಾಣಲ್ಲ. ಆಳದಿಂದ ಬರಬೇಕು, ಕೆಲವೊಮ್ಮೆ ಎರಡನೇ ಸಲ ತೆಗೀಬೇಕಾಗುತ್ತೆ. ಇಲ್ಲೇ ಒಂದು ಸಣ್ಣ ವಿಷಯದಲ್ಲಿ ದೊಡ್ಡ ಅನಾಹುತ ಆಗೋದು. ಆಪರೇಷನ್ ಥಿಯೇಟರಿನಲ್ಲಿ ಚೂರು ಕೈಗೆ ಬಂದ ತಕ್ಷಣ ಅಭ್ಯಾಸಬಲದಿಂದ ಫಾರ್ಮಲಿನ್ ಬಾಟಲಿಗೆ ಹಾಕ್ತಾರೆ. ಪೆಥಾಲಜಿಯವರಿಗೆ ಅದು ಬೇಕು, ಅವರು ಗಿಣ್ಣಿನ ಹಾಗೆ ಕೊಳೆತ ಗ್ರಾನುಲೋಮಾ, ಲ್ಯಾಂಗ್‌ಹಾನ್ಸ್ ಕೋಶ ಅಂತ ಟಿಬಿಯ ಗುರುತು ನೋಡಬೇಕಲ್ಲ. ಆದರೆ ಫಾರ್ಮಲಿನ್ ಬಿದ್ದರೆ ಬ್ಯಾಕ್ಟೀರಿಯಾ ಸತ್ತುಹೋಯ್ತು, ಕಲ್ಚರ್‌ಗೆ ಬರಲ್ಲ. ಚೂರನ್ನ ಎರಡು ಮಾಡಿ, ಒಂದು ಫಾರ್ಮಲಿನ್‌ಗೆ, ಇನ್ನೊಂದು ಸಲೈನ್‌ಗೆ ಹಾಕಿ ತಡ ಮಾಡದೆ ಟಿಬಿ ಲ್ಯಾಬಿಗೆ ಕಳಿಸಬೇಕು. ಇಷ್ಟೇ ವಿಷಯ! ಇದಕ್ಕೆ ಯಂತ್ರ ಬೇಡ, ದುಡ್ಡು ಬೇಡ. ಚಾಕು ಹಿಡಿದವನ ತಲೆಯಲ್ಲಿ ಆ ಹೊತ್ತಿಗೆ ಅನುಮಾನ ಇರಬೇಕು. ಅನುಮಾನ ವಾರ ಬಿಟ್ಟು ಬಂದರೆ ಚೂರು ಆಗಲೇ ಫಾರ್ಮಲಿನ್‌ನಲ್ಲಿ.

ಮೇಡಂ: ಕಲ್ಚರ್ ಎಷ್ಟು ದಿನ?

ಡಾಕ್ಟರು: ಬೇಗ ಅಂದರೂ ವಾರಗಟ್ಟಲೆ. ಹಳೇ ಪದ್ಧತಿಯಲ್ಲಿ ಆರರಿಂದ ಎಂಟು ವಾರ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಯಾವುದಕ್ಕೂ ಅವಸರ ಇಲ್ಲ. ಮತ್ತೆ ಇನ್ನೊಂದು ಕೊಕ್ಕೆ ಇದೆ. ಕಿವಿಯ ಗುಗ್ಗೆಯಲ್ಲಿ, ನೀರಿನಲ್ಲಿ, ಮಣ್ಣಿನಲ್ಲಿ ಕ್ಷಯದ ದಾಯಾದಿ ಬ್ಯಾಕ್ಟೀರಿಯಾಗಳು ಇರ್ತವೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲಾ ಒಂದೇ ಥರ ಕೆಂಪಗೆ ಕಾಣ್ತವೆ. ಅವುಗಳಲ್ಲಿ ಕೆಲವು ತಾವೇ ಮಕ್ಕಳ ಕಿವಿ ಸೋರಿಸ್ತವೆ, ಅವಕ್ಕೆ ಔಷಧಿ ಬೇರೆ. ಹಾಗಾಗಿ ಕೆಂಪು ಕಂಡ ಮಾತ್ರಕ್ಕೆ ಆರು ತಿಂಗಳ ಮಾತ್ರೆ ಬರೆಯೋದೂ ತಪ್ಪು.

ಮೇಡಂ: ಮುಂಗೈಗೆ ಸೂಜಿ ಚುಚ್ಚಿ ಊತ ಅಳೀತಾರಲ್ಲ, ಅದು? ಎದೆ ಎಕ್ಸ್‌ರೇ?

ಡಾಕ್ಟರು: ಎರಡೂ ಮಾಡಿಸಬೇಕು, ಎರಡನ್ನೂ ಪೂರ್ತಿ ನಂಬಬಾರದು. ಮಾಂಟೂ ಪರೀಕ್ಷೆಯಲ್ಲಿ 48ರಿಂದ 72 ಗಂಟೆ ಬಿಟ್ಟು 10 ಮಿಲಿಮೀಟರ್ ಗಡಸು ಊತ ಇದ್ದರೆ ಬ್ಯಾಕ್ಟೀರಿಯಾ ಯಾವಾಗಲೋ ಮೈ ಸೇರಿದೆ ಅಂತ ಅರ್ಥ, ಕಿವಿಯಲ್ಲಿದೆ ಅಂತಲ್ಲ. ಸೊರಗಿದ ಮಗುವಿಗೆ ಟಿಬಿ ಇದ್ದರೂ ಊತ ಬರದೇ ಇರಬಹುದು. ಇನ್ನು ಎಕ್ಸ್‌ರೇ. ಕಿವಿ ಟಿಬಿಯವರಲ್ಲಿ ಎಷ್ಟೋ ಜನರ ಎದೆ ಶುದ್ಧವಾಗಿರುತ್ತೆ. ‘ಎದೆ ಕ್ಲಿಯರ್ ಇದೆ ಬಿಡಿ’ ಅನ್ನೋದು ಬಿಸಿಜಿ ವಾದದ ತಮ್ಮ. ಚಿಕ್ಕ ಮಕ್ಕಳು ಕಫ ಉಗಿಯಲ್ಲ, ನುಂಗಿಬಿಡ್ತಾರೆ. ಅದಕ್ಕೆ ಬೆಳಗಿನ ಖಾಲಿ ಹೊಟ್ಟೆಯಿಂದ ಸಣ್ಣ ಕೊಳವೆಯಲ್ಲಿ ರಸ ತೆಗೆದು ಪರೀಕ್ಷೆಗೆ ಕಳಿಸ್ತಾರೆ. ಮಕ್ಕಳ ವಾರ್ಡಿನವರಿಗೆ ಇದು ಕರಗತ, ನಮ್ಮ ಇಎನ್‌ಟಿಯವರಿಗೆ ನೆನಪಾಗೋದೇ ಇಲ್ಲ. ಸಿಟಿ ಸ್ಕ್ಯಾನ್ ಮೂಳೆ ಎಷ್ಟು ಹೋಗಿದೆ ಅಂತ ತೋರಿಸುತ್ತೆ, ತಿಂದವರು ಯಾರು ಅಂತ ಹೇಳಲ್ಲ.

ಮೇಡಂ: ನನಗೆ ಸಿಟ್ಟು ಬರ್ತಿದೆ ಡಾಕ್ಟ್ರೇ. ಯಾವ ಪರೀಕ್ಷೆ ಕೇಳಿದರೂ ‘ಮಾಡಿಸಿ, ನಂಬಬೇಡಿ’ ಅಂತೀರಿ. ಇಷ್ಟೆಲ್ಲಾ ಕೈಕೊಡೋದಾದರೆ ಸುಮ್ಮನೆ ಟಿಬಿ ಮಾತ್ರೆ ಶುರು ಮಾಡಿ, ಒಣಗಿದರೆ ಟಿಬಿ ಅಂತ ಇಟ್ಕೊಂಡರೆ ಆಯ್ತಲ್ಲ?

ಡಾಕ್ಟರು: ಹಿಂದೆ ಹಾಗೆ ಮಾಡೋರು. ಅದರಲ್ಲಿರೋ ಮೋಸ ನೋಡಿ. ರಿಫಾಂಪಿಸಿನ್ ಟಿಬಿಯೊಂದನ್ನೇ ಕೊಲ್ಲೋ ಔಷಧಿ ಅಲ್ಲ, ಬೇರೆ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತೆ. ಕಿವಿ ಒಣಗಿತು ಅಂದರೆ ಯಾವುದು ಸತ್ತು ಒಣಗಿತು? ಅಷ್ಟರಲ್ಲಿ ಒಳಗಿದ್ದದ್ದು ಕೊಲೆಸ್ಟಿಯಟೋಮಾ ಅನ್ನೋ ಚರ್ಮದ ಗಂಟು ಆಗಿದ್ದರೆ? ಅದೂ ಮೂಳೆ ತಿನ್ನುತ್ತೆ, ಅದಕ್ಕೆ ಆಪರೇಷನ್ನೇ ಗತಿ. ತೀರಾ ಅಪರೂಪಕ್ಕೆ ಮಕ್ಕಳ ಕಿವಿಯಲ್ಲಿ ಕ್ಯಾನ್ಸರ್ ಇರುತ್ತೆ, ಅದೂ ನೋಡೋಕೆ ದುರ್ಮಾಂಸದ ಹಾಗೇ. ಚೂರು ತೆಗೆದು ನೋಡದೆ ಮಾತ್ರೆ ಕೊಟ್ಟು ಎರಡು ತಿಂಗಳು ಕಾದರೆ ಆ ಮಗುವಿನ ಕಥೆ ಏನು?

ಮೇಡಂ: ಚೂರು ತೆಗೆದಾಯ್ತು, ಯಂತ್ರಕ್ಕೆ ಕೊಟ್ಟಾಯ್ತು, ಎಲ್ಲಾ ಕಡೆ ‘ಇಲ್ಲ’ ಅಂತ ಬಂತು, ಕಿವಿ ಮಾತ್ರ ಸೋರ್ತಾನೇ ಇದೆ. ಆಗ?

ಡಾಕ್ಟರು: ಆಗ ಮಕ್ಕಳ ಡಾಕ್ಟರು, ಟಿಬಿಯವರು, ಇಎನ್‌ಟಿಯವರು ಕೂತು ತೀರ್ಮಾನ ಮಾಡಬೇಕು. ಮನೆಯಲ್ಲಿ ಟಿಬಿ ರೋಗಿ ಇದ್ದಾರೆ, ಮಾಂಟೂ ಊದಿದೆ, ಚೂರಿನಲ್ಲಿ ಗ್ರಾನುಲೋಮಾ ಥರದ್ದು ಇದೆ, ಬೇರೆ ಕಾಯಿಲೆಗಳನ್ನ ಹುಡುಕಿ ಅಲ್ಲ ಅಂತ ಬಿಟ್ಟಾಗಿದೆ ಅಂದರೆ ಬ್ಯಾಕ್ಟೀರಿಯಾ ಕಣ್ಣಿಗೆ ಬೀಳದೆಯೂ ಚಿಕಿತ್ಸೆ ಶುರು ಮಾಡೋಕೆ ರಾಷ್ಟ್ರೀಯ ಟಿಬಿ ಕಾರ್ಯಕ್ರಮದಲ್ಲೇ ಅವಕಾಶ ಇದೆ.

ಮೇಡಂ: ನೋಡಿ, ಕೊನೆಗೆ ನಾನು ಹೇಳಿದಲ್ಲಿಗೇ ಬಂದಿರಿ.

ಡಾಕ್ಟರು: ಅದೇ ಊರಿಗೆ ಬಂದೆ, ದಾರಿ ಬೇರೆ. ನಿಮ್ಮದು ಕಣ್ಣು ಮುಚ್ಚಿ ಹೊರಟದ್ದು. ನಂದು ಹುಡುಕಿ, ಯಾಕೆ ಹೀಗೆ ತೀರ್ಮಾನಿಸಿದೆವು ಅಂತ ಫೈಲಿನಲ್ಲಿ ಬರೆದು ಹೊರಟದ್ದು. ನಾಳೆ ಮಗು ಸುಧಾರಿಸದಿದ್ದರೆ ಎಲ್ಲಿಂದ ಹಿಂದೆ ತಿರುಗಬೇಕು ಅಂತ ನನಗೆ ಗೊತ್ತಿರುತ್ತೆ.

ಮೇಡಂ: ಒಪ್ಪಿದೆ ಅಂತ ತಿಳ್ಕೊಳ್ಳಿ. ಈಗ ಹೇಳಿ, ಈ ಮೂವರು ಡಾಕ್ಟರು ಒಟ್ಟಿಗೆ ಕೂರೋದು ಯಾವ ಕಾಲಕ್ಕೆ? ಆ ತಾಯಿ ಮನೆಕೆಲಸಕ್ಕೆ ಹೋಗೋಳು. ಒಂದು ದಿನ ರಜಾ ಹಾಕಿದರೆ ಒಂದು ಮನೆ ಹೋಯ್ತು.

ಡಾಕ್ಟರು: ಅಲ್ಲಿಗೆ ಬನ್ನಿ. ನನಗೆ ಈ ಊರಿನ ಮೇಲೆ ಇರೋ ಅಸಮಾಧಾನ ಅದೇ. ಈ ಒಂದು ಕಾಯಿಲೆಗೆ ಬೇಕಾದ್ದೆಲ್ಲಾ ಮೈಸೂರಿನಲ್ಲಿ ಇದೆ. ದೇಶದ ಎಷ್ಟು ಊರಿನಲ್ಲಿ ಇದೆ ಹೇಳಿ? ಕೆಆರ್‌ಎಸ್ ರಸ್ತೆಯಲ್ಲಿ ಪಿಕೆಟಿಬಿ ಸ್ಯಾನಿಟೋರಿಯಂ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು, ಅವರಷ್ಟೇ ಅಲ್ಲ, ಅವರ ಹೆಣ್ಣುಮಕ್ಕಳೂ. ಅವರ ಹೆಸರಿನಲ್ಲಿ ಕಟ್ಟಿಸಿದ್ದು ಅದು, ನೂರು ವರ್ಷದ ಹಿಂದೆ. ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಆಟೋದವರ ಬಾಯಲ್ಲಿ ‘ಸ್ಪೀಚ್ ಅಂಡ್ ಹಿಯರಿಂಗ್’. ಎಲ್ಲೆಲ್ಲಿಂದಲೋ ಮಕ್ಕಳನ್ನ ಕಿವಿ ಪರೀಕ್ಷೆಗೆ ಅಲ್ಲಿಗೆ ಕರ್ಕೊಂಡು ಬರ್ತಾರೆ. ನಡುವೆ ಕೆ.ಆರ್. ಆಸ್ಪತ್ರೆ, ಮಕ್ಕಳಿಗೆ ಚೆಲುವಾಂಬ, ಎರಡಕ್ಕೂ ಮೆಡಿಕಲ್ ಕಾಲೇಜಿನ ಬೆನ್ನು. ಎಲ್ಲಾ ಒಂದೇ ಊರಿನೊಳಗೆ. ಒಂದರಿಂದ ಒಂದಕ್ಕೆ ಆಟೋ ಹಿಡಿದರೆ ಎಷ್ಟು ಹೊತ್ತು?

ಆದರೆ ಕಿವಿ ಸೋರೋ ಮಗು ಟಿಬಿ ಆಸ್ಪತ್ರೆ ಬಾಗಿಲಿಗೆ ತಾನಾಗಿ ಹೋಗಲ್ಲ, ಅದಕ್ಕೆ ಕೆಮ್ಮಿಲ್ಲ. ಟಿಬಿ ರೋಗಿ ಮನೆಗೆ ಹೋಗೋ ಆರೋಗ್ಯ ಕಾರ್ಯಕರ್ತರು ಕೆಮ್ಮು, ಜ್ವರ, ತೂಕ ಕೇಳ್ತಾರೆ, ಕಿವಿ ಕೇಳಲ್ಲ. ಶ್ರವಣ ಪರೀಕ್ಷೆ ಮಾಡೋರು ಎಷ್ಟು ಡೆಸಿಬೆಲ್ ಹೋಗಿದೆ ಅಂತ ಕರಾರುವಾಕ್ಕಾಗಿ ಬರೆದುಕೊಡ್ತಾರೆ. ಇಎನ್‌ಟಿಯವನು ತೂತು ನೋಡ್ತಾನೆ. ಪ್ರತಿಯೊಬ್ಬರೂ ಅವರವರ ಕೆಲಸ ಸರಿಯಾಗೇ ಮಾಡಿರ್ತಾರೆ. ಮಗು ನಡುವಿನ ಸಂದಿಯಲ್ಲಿ ಬಿದ್ದಿರುತ್ತೆ. ಸಂದಿ ಮುಚ್ಚೋಕೆ ಹೊಸ ಕಟ್ಟಡ ಬೇಡ. ಇಎನ್‌ಟಿ ಚೀಟಿಯಲ್ಲಿ ‘ಮನೆಯಲ್ಲಿ ಯಾರಿಗಾದರೂ ಕೆಮ್ಮು?’ ಅಂತ ಒಂದು ಸಾಲು, ಟಿಬಿ ಮನೆಭೇಟಿಯ ಪಟ್ಟಿಯಲ್ಲಿ ‘ಮಕ್ಕಳ ಕಿವಿ ಸೋರ್ತಿದೆಯಾ?’ ಅಂತ ಒಂದು ಸಾಲು ಸೇರಿಸಿದರೆ ನನ್ನ ಅರ್ಧ ಸಿಟ್ಟು ಇಳಿಯುತ್ತೆ.

ಮೇಡಂ: ‘ಮನೆಯಲ್ಲಿ ಯಾರಿಗಾದರೂ ಕೆಮ್ಮು’ ಅಂತ ಕೇಳಿದರೆ ನಿಜ ಹೇಳ್ತಾರೆ ಅಂದ್ಕೊಂಡಿದ್ದೀರಾ? ನಾನು ಹದಿನೈದು ಇಪ್ಪತ್ತು ವರ್ಷದಿಂದ ಈ ಮನೆಗಳನ್ನ ನೋಡ್ತಿದ್ದೀನಿ. ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದರೆ ಟಿಬಿ ಅನ್ನೋ ಮಾತು ಹೊಸಿಲು ದಾಟಲ್ಲ. ‘ಧೂಳಿನ ಅಲರ್ಜಿ’, ‘ಬೀಡಿ ಕೆಮ್ಮು’, ‘ಊದುಬತ್ತಿ ಪುಡಿ’ ಅಂತಾರೆ. ನಿಮ್ಮ ಓಪಿಡಿಯಲ್ಲಿ ಹಿಂದೆ ಐವತ್ತು ಜನ ನಿಂತಿರೋವಾಗ, ಯಾರು ಒಪ್ಪಿಕೊಳ್ತಾರೆ?

ಡಾಕ್ಟರು: ನೀವಾದರೆ ಹೇಗೆ ಕೇಳ್ತೀರಿ?

ಮೇಡಂ: ನಾನು ಕೆಮ್ಮು ಅಂತ ಕೇಳಲ್ಲ. ರಾತ್ರಿ ಮಗು ಯಾರ ಪಕ್ಕ ಮಲಗುತ್ತೆ ಅಂತ ಕೇಳ್ತೀನಿ. ಅಜ್ಜಿ ಪಕ್ಕವಾ, ಅಮ್ಮನ ಪಕ್ಕವಾ. ಆಮೇಲೆ ಅವರಿಗೆ ನಿದ್ದೆ ಹೇಗೆ ಬರುತ್ತೆ, ಈಚೆಗೆ ಸೊರಗಿದ್ದಾರಾ, ಕೆಲಸಕ್ಕೆ ಹೋಗ್ತಿದ್ದಾರಾ. ಉತ್ತರ ಬಂದೇ ಬರುತ್ತೆ. ಈ ಹುಡುಗಿ ತಾತನ ಪಕ್ಕ ಮಲಗೋದು. ತಾತ ಮಂಡ್ಯ ಕಡೆ ಕಬ್ಬಿನ ಕೆಲಸ ಬಿಟ್ಟು ಯುಗಾದಿ ಹೊತ್ತಿಗೆ ಮಗಳ ಮನೆಗೆ ಬಂದವರು. ಯಾಕೆ ಬಿಟ್ಟರು ಅಂದರೆ ‘ಸುಸ್ತು’ ಅಂದರು.

ಡಾಕ್ಟರು: ಇದನ್ನ ಮೊದಲೇ ಯಾಕಮ್ಮ ಹೇಳಲಿಲ್ಲ?

ಮೇಡಂ: ನೀವು ಕಿವಿ ಬಗ್ಗೆ ಕೇಳ್ತಿದ್ದಿರಿ.

ಡಾಕ್ಟರು: ಆ ಯಂತ್ರಗಳಿಗಿಂತ ನಿಮ್ಮ ಈ ಒಂದು ಮಾತಿಗೆ ತೂಕ ಜಾಸ್ತಿ. ತಾತನಿಗೆ ಟಿಬಿ ಇದ್ದೇ ಇದೆ ಅಂತ ನಾನು ಹೇಳ್ತಿಲ್ಲ. ವಯಸ್ಸಾದವರು ಸುಸ್ತಾಗೋಕೆ ನೂರು ಕಾರಣ. ಆದರೆ ಮಗುವಿನ ಕಿವಿಯಲ್ಲಿ ಸಿಗದ ಉತ್ತರ ತಾತನ ಕಫದಲ್ಲಿ ಒಂದೇ ಬೆಳಗ್ಗೆ ಸಿಗಬಹುದು. ದೊಡ್ಡವರ ಶ್ವಾಸಕೋಶದ ಟಿಬಿಯಲ್ಲಿ ಬ್ಯಾಕ್ಟೀರಿಯಾಕ್ಕೆ ಬರ ಇಲ್ಲ. ಮಗುವಿಗೆ ಅರಿವಳಿಕೆ ಕೊಡೋ ಮುಂಚೆ ತಾತನ ಕಫ ಪರೀಕ್ಷೆ ಆಗಲಿ. ಖರ್ಚಿಲ್ಲ, ನೋವಿಲ್ಲ. ಅವರದು ಪಾಸಿಟಿವ್ ಬಂದರೆ ಮನೆಯವರನ್ನೆಲ್ಲಾ ಪರೀಕ್ಷೆ ಮಾಡ್ತಾರೆ. ಕಾಯಿಲೆ ಇಲ್ಲ ಅಂತ ಖಚಿತವಾದವರಿಗೆ ತಡೆ ಮಾತ್ರೆ ಕೊಡ್ತಾರೆ.

ಮೇಡಂ: ಮಗುವಿಗೆ ಟಿಬಿ ಅಂತಲೇ ಆದರೆ ಕಿವಿ ವಾಪಸ್ ಬರುತ್ತಾ?

ಡಾಕ್ಟರು: ಸೋರೋದು ನಿಲ್ಲುತ್ತೆ, ಅದು ಬಹಳ ಸಲ ಒಂದೆರಡು ತಿಂಗಳಲ್ಲೇ ಆಗುತ್ತೆ. ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಮಕ್ಕಳಿಗೆ ನೀರಿನಲ್ಲಿ ಕರಗೋ ಮಾತ್ರೆ, ತೂಕ ನೋಡಿ ಲೆಕ್ಕ, ಸರ್ಕಾರದಿಂದ ಪುಕ್ಕಟೆ. ಉಚ್ಚೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ತಾಯಿ ಗಾಬರಿಯಾಗಿ ಮಾತ್ರೆ ನಿಲ್ಲಿಸದಂತೆ ಮೊದಲೇ ಹೇಳಿಬಿಡಿ. ಪೌಷ್ಟಿಕ ಆಹಾರಕ್ಕೆ ಅಂತ ನಿಕ್ಷಯ್ ಯೋಜನೆಯಲ್ಲಿ ತಿಂಗಳಿಗೆ ದುಡ್ಡು ಬರುತ್ತೆ, 2018ರಲ್ಲಿ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1,000 ಆಗಿದೆ. ಬ್ಯಾಂಕ್ ಖಾತೆ ಸರಿ ಇರಬೇಕು, ಅದಕ್ಕೆ ನಿಮ್ಮಂಥವರು ಒಂದು ಕೈ ಹಾಕಬೇಕು.

ಕೇಳಿಸೋದು ಬೇರೆ ಲೆಕ್ಕ. ಸುತ್ತಿಗೆ, ಅಡಿಗಲ್ಲು, ರಿಕಾಪು ಅಂತ ಪಾಠದಲ್ಲಿ ಮೂರು ಮೂಳೆ ಹೇಳಿಕೊಡ್ತೀರಲ್ಲ, ಕಾಯಿಲೆ ಅವನ್ನ ತಿಂದಿದ್ದರೆ ಮಾತ್ರೆಯಿಂದ ಮೂಳೆ ಮತ್ತೆ ಹುಟ್ಟಲ್ಲ. ಒಳಗಿವಿಗೂ ಇಳಿದಿದ್ದರೆ ಇನ್ನೂ ಕಷ್ಟ. ಅದಕ್ಕೇ ಮೂರನೇ ಬಾಟಲಿ ಮೇಲೆ ನನಗೆ ಸಿಟ್ಟು. ಕಿವಿ ಪೂರ್ತಿ ಒಣಗಿದ ಮೇಲೆ ತಮಟೆ ಹೊಲಿಯೋ ಆಪರೇಷನ್ ಯೋಚನೆ ಮಾಡಬಹುದು. ಅಲ್ಲಿವರೆಗೆ ಸ್ಪೀಚ್ ಅಂಡ್ ಹಿಯರಿಂಗ್‌ನಲ್ಲಿ ಶ್ರವಣ ಪರೀಕ್ಷೆ ಮಾಡಿಸಿ, ಚಿಕಿತ್ಸೆಗೆ ಮುಂಚೆ ಒಂದು, ಆಮೇಲೆ ಒಂದು.

ಮೇಡಂ: ಟಿಬಿ ಔಷಧಿಯಿಂದಲೇ ಕಿವುಡಾಗುತ್ತೆ ಅಂತಾರಲ್ಲ? ನಮ್ಮ ಚಿಕ್ಕಪ್ಪ ಒಬ್ಬರಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಏನೂ ಕೇಳಿಸ್ತಿರಲಿಲ್ಲ.

ಡಾಕ್ಟರು: ಸ್ಟ್ರೆಪ್ಟೊಮೈಸಿನ್ ಇರಬೇಕು. 1943ರಲ್ಲಿ ಕಂಡುಹಿಡಿದದ್ದು. ಕ್ಷಯಕ್ಕೆ ಸಿಕ್ಕ ಮೊದಲ ನಿಜವಾದ ಔಷಧಿ, ಕಿವಿಯ ನರಕ್ಕೆ ವಿಷ. ಜೀವ ಉಳಿಸಿ ಕಿವಿ ಕಿತ್ತುಕೊಂಡ ಇಂಜೆಕ್ಷನ್ ಅದು. ಆಮೇಲೆ ಬಂದ ಕೆನಾಮೈಸಿನ್ನೂ ಅದೇ ಜಾತಿ. ಈಗ ಮಾಮೂಲಿ ಟಿಬಿಗೆ ಮಕ್ಕಳಿಗೆ ಆ ಇಂಜೆಕ್ಷನ್ ಕೊಡಲ್ಲ, ಬರೀ ಮಾತ್ರೆ. ಹೆದರಬೇಡಿ ಅಂತ ಅವರಿಗೂ ಹೇಳಿ. ನಿಮ್ಮ ಚಿಕ್ಕಪ್ಪನ ಕಥೆ ಮಾತ್ರ ಹೇಳಬೇಡಿ.

ಮೇಡಂ: ಸರಿ, ಈಗ ನಾನು ಮಾಡಬೇಕಾದ್ದು ಏನು? ಟಿಬಿ ಅನ್ನೋ ಪದ ಎತ್ತಬೇಡಿ ಅಂದಿರಿ. ತಾತನ ಕಫ ಪರೀಕ್ಷೆ ಮಾಡಿಸಿ ಅಂದಿರಿ. ಪದ ಎತ್ತದೆ ಕಫ ಎತ್ತಿಸೋದು ಹೇಗೆ?

ಡಾಕ್ಟರು: ಸುಸ್ತಿಗೆ ಪರೀಕ್ಷೆ ಅನ್ನಿ. ಸುಳ್ಳಲ್ಲ. ಮಗುವಿಗೆ ಹನಿ ಹಾಕೋದು ಇವತ್ತಿಂದ ನಿಲ್ಲಿಸಲಿ, ಎಣ್ಣೆಯಂತೂ ಬೇಡವೇ ಬೇಡ. ಸೋಮವಾರ ಕೆ.ಆರ್. ಆಸ್ಪತ್ರೆ ಇಎನ್‌ಟಿಗೆ ಹೋಗಲಿ, ಖಾಲಿ ಬಾಟಲಿ ಮೂರನ್ನೂ ಕೈಯಲ್ಲಿ ಹಿಡ್ಕೊಂಡು ಹೋಗಲಿ. ನಾನು ಒಂದು ಚೀಟಿ ಬರೆದುಕೊಡ್ತೀನಿ. ‘ಹನ್ನೆರಡು ವಾರ, ನೋವಿಲ್ಲ, ಹನಿಗೆ ಬಗ್ಗಿಲ್ಲ, ಬಯಾಪ್ಸಿ ಮಾಡೋದಾದರೆ ಅರ್ಧ ಸಲೈನ್‌ನಲ್ಲಿ’ ಅಷ್ಟೇ. ಅಲ್ಲಿರೋ ಹುಡುಗರು ಹಳೇ ಮೇಷ್ಟ್ರ ಕಾಟ ಅಂತ ಬೈಕೊಳ್ತಾರೆ, ಬೈಕೊಳ್ಳಲಿ.

ಮೇಡಂ: ತಾತ ಆಸ್ಪತ್ರೆಗೆ ಬರಲ್ಲ ಅಂದರೆ?

ಡಾಕ್ಟರು: ಡಬ್ಬಿ ಮನೆಗೇ ಕೊಟ್ಟು ಬೆಳಗಿನ ಕಫ ತಗೊಂಡು ಹೋಗ್ತಾರೆ. ಆಶಾ ಕಾರ್ಯಕರ್ತೆ ನಂಬರ್ ನಿಮ್ಮ ಹತ್ತಿರ ಇದೆ ತಾನೆ?

ಮೇಡಂ: ಇದೆ.

ಡಾಕ್ಟರು: ಈಗಲೇ ಮಾಡಿ. ಏಳು ಗಂಟೆ ಮೇಲೆ ಧಾರಾವಾಹಿ ಶುರುವಾದರೆ ಫೋನ್ ಎತ್ತಲ್ಲ.